ಯುಗಾದಿ ಸಂಜೆಗೊಂದು ರಸಪ್ರಶ್ನೆ: ಪ್ರಶ್ನೆ ಹೆಣೆಯುವುದು, ಕೇಳುವುದು, ತೀರ್ಪು ಕೊಡುವುದು

ಧಾರವಾಡದ ನಮ್ಮ ಓಣಿಯಲ್ಲಿ ಯುಗಾದಿಯ ದಿನ ಹೋಳಿಗೆ ಊಟ ಮುಗಿಸಿ ಎಲ್ಲರೂ ಒಂದು ನಿದ್ದೆ ತೆಗೆದ ಮೇಲೆ, ಸಂಜೆ ಐದೂವರೆಯ ಹೊತ್ತಿಗೆ ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ಜಮಖಾನೆ ಹಾಸಿ ರಸಪ್ರಶ್ನೆ ನಡೆಸುವ ರೂಢಿ ಕೆಲವು ವರ್ಷಗಳಿಂದ ಬೆಳೆದುಬಂದಿದೆ. ಪ್ರಶ್ನೆ ಸಿದ್ಧಪಡಿಸುವ ಕೆಲಸ ಮೊದಲ ವರ್ಷವೇ ನನ್ನ ಹೆಗಲಿಗೆ ಬಿತ್ತು. ಇನ್ನೊಬ್ಬರು ಅದನ್ನು ಇಸಿದುಕೊಳ್ಳಲು ಮುಂದೆ ಬಂದಿಲ್ಲ. ಸುತ್ತುಗಳು ನಾಲ್ಕೇ: ದಿನಬಳಕೆ, ದುಡ್ಡು, ಟಿ.ವಿ. ಮತ್ತು ವಸಂತ. ರಾಜಧಾನಿಗಳು, ರಾಷ್ಟ್ರಪತಿಗಳು, ನೊಬೆಲ್ ಪ್ರಶಸ್ತಿಗಳೆಂದು ಹೊರಟರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಇಬ್ಬರು ಹುಡುಗರ ನಡುವೆಯೇ ಆಟ ಮುಗಿದುಹೋಗುತ್ತದೆ, ಉಳಿದವರು ಚಹಾದ ದಾರಿ ಕಾಯುತ್ತಾರೆ. ಆದರೆ ಈ ನಾಲ್ಕು ವಿಷಯಗಳಲ್ಲಿ ಮೂರನೆಯ ತರಗತಿಯ ಹುಡುಗಿಗೂ ನಿವೃತ್ತರಾದ ಅಜ್ಜನವರಿಗೂ ತಮ್ಮದೇ ಆದ ತಿಳಿವಳಿಕೆ ಇರುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿಗಳ ಓಣಿಗಳಲ್ಲಿ ಇಂಥದ್ದೊಂದನ್ನು ನಡೆಸಬಯಸುವವರಿಗೆ ಉಪಯೋಗವಾಗಲೆಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನೇ ಮಾಡಿದ ಒಂದು ತಪ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2023ರ ಯುಗಾದಿ ಮಾರ್ಚ್ 22ರಂದು ಬಂದಿತ್ತು. ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಿದೆ ಎಂದು ಕೇಳಿ, ಮನೆಯಲ್ಲಿದ್ದ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕವನ್ನು ನಂಬಿಕೊಂಡು, ಗೋರಖಪುರ ಎಂಬ ಉತ್ತರಕ್ಕೆ ಹತ್ತು ಅಂಕ ಕೊಟ್ಟೆ. ಕೂಡಲೇ ಹಿಂದಿನ ಸಾಲಿನಲ್ಲಿದ್ದ, ಹುಬ್ಬಳ್ಳಿಯಿಂದ ಹಬ್ಬಕ್ಕೆಂದು ಬಂದಿದ್ದ ಹುಡುಗನೊಬ್ಬ ಎದ್ದು ನಿಂತು, "ಕಾಕಾ, ಅದು ಹಳೇದಾತ್ರಿ. ಈಗ ನಮ್ಮ ಹುಬ್ಬಳ್ಳೀದ ಉದ್ದ ಐತಿ. ಹೋದ ವಾರ ನಾನ ಆ ಕಡಿಯಿಂದ ಈ ಕಡಿತನಕ ನಡದು ನೋಡೇನ್ರಿ" ಎಂದ. ಅವನ ಮಾತು ನಿಜವಾಗಿತ್ತು. ಆ ತಿಂಗಳ 12ರಂದೇ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಗಿತ್ತು. ಗೋರಖಪುರದ್ದು ಸುಮಾರು 1366 ಮೀಟರ್. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಹತ್ತು ದಿನದ ಹಿಂದೆ ನಡೆದ ಸಂಗತಿಯನ್ನು ಬಿಟ್ಟು ಉತ್ತರ ಪ್ರದೇಶಕ್ಕೆ ಅಂಕ ಕೊಟ್ಟವನೆಂದು ಈಗಲೂ ನನ್ನನ್ನು ಚೇಷ್ಟೆ ಮಾಡುತ್ತಾರೆ.

ಅಂದಿನಿಂದ ಪ್ರತಿ ಪ್ರಶ್ನೆಗೂ ಒಂದು ಚೀಟಿ ಮಾಡುತ್ತೇನೆ. ಮನೆಗೆ ಬರುವ ಲಗ್ನಪತ್ರಿಕೆಗಳ ದಪ್ಪ ಹಾಳೆಯನ್ನು ಅಂಗೈಯಗಲಕ್ಕೆ ಕತ್ತರಿಸಿಟ್ಟುಕೊಂಡರೆ ಇದಕ್ಕೆ ಬೇರೆ ಖರ್ಚಿಲ್ಲ. ಮುಂಬದಿಯಲ್ಲಿ ಪ್ರಶ್ನೆಯನ್ನು ಕೇಳುವ ಮಾತಿನಲ್ಲೇ, ಒಂದಕ್ಷರ ಬಿಡದೆ ಬರೆಯಬೇಕು. ಹಿಂಬದಿಯಲ್ಲಿ ಉತ್ತರ, ಒಪ್ಪಬಹುದಾದ ಇನ್ನೊಂದು ಉತ್ತರವಿದ್ದರೆ ಅದು, ಎಲ್ಲಿ ನೋಡಿ ಖಚಿತಪಡಿಸಿಕೊಂಡೆವು ಎಂಬುದು ಮತ್ತು ಹಾಗೆ ನೋಡಿದ ತಾರೀಖು ಇರಬೇಕು. ಪ್ರಶ್ನೆಯಲ್ಲಿ 'ಅತಿ ಉದ್ದ', 'ಅತಿ ಹೆಚ್ಚು', 'ಈಗಿನ', 'ಪ್ರಧಾನ ಕಚೇರಿ' ಎಂಬ ಮಾತುಗಳಿದ್ದರೆ ಉತ್ತರವನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ಏಕೆಂದರೆ ಆ ಉತ್ತರಗಳಿಗೆ ವಯಸ್ಸಾಗುತ್ತದೆ. ಧಾರವಾಡದಲ್ಲಿ ಪ್ರಧಾನ ಕಚೇರಿಯುಳ್ಳ ಗ್ರಾಮೀಣ ಬ್ಯಾಂಕು ಯಾವುದು ಎಂಬ ಸಲೀಸಾದ ಪ್ರಶ್ನೆ ನನ್ನ ಡಬ್ಬಿಯಲ್ಲಿ ಬಹುಕಾಲ ಇತ್ತು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿ, ಪ್ರಧಾನ ಕಚೇರಿ ಬಳ್ಳಾರಿಯಲ್ಲಿ ನಿಂತ ಮೇಲೆ ಆ ಚೀಟಿ ಕಸದ ಬುಟ್ಟಿಗೆ ಹೋಯಿತು. ಶಾಯಿಯಲ್ಲಿ ಬರೆಯಬಹುದಾದವು ಬೇರೆ: ಆಗಿಹೋದ ಘಟನೆಯ ತಾರೀಖು, ಅಳತೆಯ ಲೆಕ್ಕ, ಗಿಡಮರಗಳ ಸ್ವಭಾವ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಮುಂದಿನ ವರ್ಷವೂ ಹಾಗೆಯೇ ಇರುತ್ತದೆ.

'ಮೊದಲ' ಎಂಬ ಪದವನ್ನು ನಾನು ಇನ್ನೂ ಹೆಚ್ಚು ಅನುಮಾನದಿಂದ ನೋಡುತ್ತೇನೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ 1905ರಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ದೇಶದ ಮೊದಲ ಸಹಕಾರ ಸಂಘವೆಂದು ನಮ್ಮ ಭಾಗದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ತಮಿಳುನಾಡಿನವರು ತಮ್ಮ ತಿರೂರಿನ ಸಂಘವನ್ನು ಮುಂದಿಡುತ್ತಾರೆ. ಆದ್ದರಿಂದ "ಏಷ್ಯಾದ ಮೊದಲ ಸಹಕಾರ ಸಂಘ ಯಾವುದು?" ಎಂದು ಕೇಳಿ ವಾದಕ್ಕೆ ಸಿಕ್ಕಿಹಾಕಿಕೊಳ್ಳುವುದಕ್ಕಿಂತ, "1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಸಹಕಾರ ಸಂಘ ಕಟ್ಟಿಕೊಂಡು ಹೆಸರಾದ ಗದಗ ತಾಲೂಕಿನ ಹಳ್ಳಿ ಯಾವುದು?" ಎಂದು ಕೇಳುವುದು ಮೇಲು. ಉತ್ತರ ಅದೇ ಇರುತ್ತದೆ, ಜಗಳಕ್ಕೆ ಮಾತ್ರ ಎಡೆಯಿರುವುದಿಲ್ಲ. ರಸಪ್ರಶ್ನೆ ನಡೆಸುವವನ ಶ್ರಮವೆಲ್ಲ ಇಂಥ ಬಿಗಿ ಮಾಡುವುದರಲ್ಲಿ ಹೋಗಬೇಕೇ ಹೊರತು ಅಪರೂಪದ ವಿಷಯ ಹುಡುಕುವುದರಲ್ಲಲ್ಲ. ಸಾಧ್ಯವಾದಷ್ಟು ಪ್ರಶ್ನೆಗಳಿಗೆ ಉತ್ತರವನ್ನು ಅಲ್ಲೇ, ಜೇಬಿನಲ್ಲೋ ಅಡುಗೆಮನೆಯಲ್ಲೋ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೋ ತೋರಿಸಿಕೊಡುವಂತಿರಬೇಕು ಎಂಬುದು ನಾನು ಹಾಕಿಕೊಂಡಿರುವ ಎರಡನೆಯ ಕಟ್ಟಳೆ.

ಈ ಕಟ್ಟಳೆಗೆ ದುಡ್ಡಿನ ಸುತ್ತಿನಷ್ಟು ಒಗ್ಗುವ ಸುತ್ತು ಮತ್ತೊಂದಿಲ್ಲ. ಎಲ್ಲರೂ ಒಂದು ಐವತ್ತರ ನೋಟು ತೆಗೆದು ಅಂಗೈಯಲ್ಲಿ ಮಡಚಿ ಹಿಡಿಯಿರಿ, ನೋಡಬೇಡಿರಿ ಎಂದು ಹೇಳಿ, ಹಿಂಬದಿಯಲ್ಲಿರುವ ಚಿತ್ರ ಯಾವುದೆಂದು ಕೇಳುತ್ತೇನೆ. ದಿನವೂ ಕಿರಾಣಿ ಅಂಗಡಿಯಲ್ಲಿ ಎಣಿಸಿ ಕೊಡುವ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವಿದೆ ಎಂಬುದನ್ನು ಗಮನಿಸಿದವರು ಪ್ರತಿ ವರ್ಷವೂ ಅರ್ಧದಷ್ಟು ಮಂದಿ ಸಹ ಇರುವುದಿಲ್ಲ. ನೋಟು ಬಿಚ್ಚಿ ನೋಡಿದಾಗ ಏಳುವ ಉದ್ಗಾರ ಕೇಳುವಂಥದ್ದು. ಅದೇ ಮಾಲಿಕೆಯ ಹತ್ತರ ನೋಟಿನ ಮೇಲೆ ಕೋನಾರ್ಕ, ಇಪ್ಪತ್ತರ ಮೇಲೆ ಎಲ್ಲೋರ, ನೂರರ ಮೇಲೆ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿ, ಇನ್ನೂರರ ಮೇಲೆ ಸಾಂಚಿಯ ಸ್ತೂಪ, ಐನೂರರ ಮೇಲೆ ಕೆಂಪುಕೋಟೆ ಇವೆ. ನೋಟು ಕೈಯಲ್ಲಿರುವಾಗಲೇ ಭಾಷೆಗಳ ಪ್ರಶ್ನೆಯನ್ನೂ ಕೇಳಿಬಿಡಬೇಕು, ಆದರೆ ಮಾತು ಬಿಗಿಯಾಗಿರಬೇಕು. "ನೋಟಿನ ಮೇಲೆ ಎಷ್ಟು ಭಾಷೆಗಳಿವೆ?" ಎಂದರೆ ಒಬ್ಬರು ಹದಿನೈದು, ಇನ್ನೊಬ್ಬರು ಹದಿನೇಳು, ಸಂವಿಧಾನದ ಎಂಟನೆಯ ಅನುಸೂಚಿ ಓದಿದವರು ಇಪ್ಪತ್ತೆರಡು ಎನ್ನುತ್ತಾರೆ. ಹಿಂಬದಿಯ ಪಟ್ಟಿಯಲ್ಲಿರುವುದು 15. ಹಿಂದಿ ಮತ್ತು ಇಂಗ್ಲಿಷ್ ಸೇರಿ ಇಡೀ ನೋಟಿನಲ್ಲಿ 17. ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು, ಏಕೆಂದರೆ ಭಾಷೆಗಳ ಇಂಗ್ಲಿಷ್ ಹೆಸರುಗಳ ಅಕ್ಷರಕ್ರಮದಲ್ಲಿ ಅಸ್ಸಾಮಿ, ಬಂಗಾಳಿ, ಗುಜರಾತಿಗಳಾದ ಮೇಲೆ ನಮ್ಮದು ಬರುತ್ತದೆ.

ಒಂದು ರೂಪಾಯಿಯ ನೋಟು ಯಾರ ಬಳಿಯಾದರೂ ಇದ್ದರೆ ಇನ್ನೊಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ನಮ್ಮ ಕಡೆ ಆಹೇರಿಯ ಲಕೋಟೆಗೆ ನೂರಾ ಒಂದು, ಐನೂರಾ ಒಂದು ಹಾಕಲೆಂದು ಅದನ್ನು ಜೋಪಾನ ಮಾಡಿಟ್ಟವರು ಇದ್ದೇ ಇರುತ್ತಾರೆ. ಉಳಿದೆಲ್ಲ ನೋಟುಗಳ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಇದ್ದರೆ, ಇದರ ಮೇಲೆ ಕೇಂದ್ರ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ, ಏಕೆಂದರೆ ಅದನ್ನು ಹೊರಡಿಸುವುದು ಭಾರತ ಸರ್ಕಾರ. ನಾಣ್ಯಗಳೂ ಸರ್ಕಾರದವೇ. ನಾಣ್ಯದ ಮೇಲಿನ ಇಸವಿಯ ಕೆಳಗೆ ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯದು, ಚುಕ್ಕೆಯಿದ್ದರೆ ನೋಯ್ಡಾದ್ದು, ವಜ್ರದ ಆಕಾರದ ಗುರುತಿದ್ದರೆ ಮುಂಬಯಿಯದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಮನೆಯ ಹುಂಡಿಯನ್ನೆಲ್ಲ ನೆಲಕ್ಕೆ ಸುರಿದು ಹುಡುಕುತ್ತಾರೆ.

ಹತ್ತು ರೂಪಾಯಿಯ ನಾಣ್ಯವನ್ನು ತೆಗೆದುಕೊಳ್ಳಲು ಒಲ್ಲೆನೆನ್ನುವವರು ನಮ್ಮ ಸಂತೆಯಲ್ಲಿ ಇನ್ನೂ ಇರುವುದರಿಂದ, ಮುಂದಿನ ಪ್ರಶ್ನೆಯನ್ನು ನಾನು ಬಿಡುವುದೇ ಇಲ್ಲ. ಐವತ್ತು ಪೈಸೆಯ ನಾಣ್ಯ, ಇಪ್ಪತ್ತೈದು ಪೈಸೆಯ ನಾಣ್ಯ, ಹತ್ತು ರೂಪಾಯಿಯ ನಾಣ್ಯ, ಎರಡು ಸಾವಿರದ ನೋಟು, ಈ ನಾಲ್ಕರಲ್ಲಿ ಕಾನೂನಿನ ಪ್ರಕಾರ ಬೆಲೆಯಿಲ್ಲದ್ದು ಯಾವುದು? ಹೆಚ್ಚಿನವರು ಎರಡು ಸಾವಿರದ ನೋಟು ಎನ್ನುತ್ತಾರೆ. 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿದರೇ ಹೊರತು ಅದರ ಕಾನೂನು ಮಾನ್ಯತೆಯನ್ನು ತೆಗೆದುಹಾಕಲಿಲ್ಲ. 2016ರ ನವೆಂಬರ್ 8ರ ರಾತ್ರಿ ಹಳೆಯ ಐನೂರು ಮತ್ತು ಸಾವಿರದ ನೋಟುಗಳಿಗೆ ಆದದ್ದೇ ಬೇರೆ, ಇದಕ್ಕೆ ಆದದ್ದೇ ಬೇರೆ. ಸರಿಯಾದ ಉತ್ತರ ಇಪ್ಪತ್ತೈದು ಪೈಸೆ. 2011ರ ಜೂನ್ 30ರಿಂದ ಅದು ನಡೆಯುವುದಿಲ್ಲ. ಎಂಟಾಣೆ ಮಾತ್ರ ಇಂದಿಗೂ ಕಾನೂನುಬದ್ಧ ನಾಣ್ಯ, ಆದರೆ ಒಮ್ಮೆಗೆ ಹತ್ತು ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ಎಂಟಾಣೆಗಳಲ್ಲೇ ಕೊಟ್ಟರೆ ಎದುರಿನವರು ಬೇಡವೆನ್ನಬಹುದು.

ಆಣೆಯ ಮಾತು ಬಂದಾಗ ಹಿರಿಯರ ಕಡೆಗೆ ತಿರುಗಬೇಕು. ಒಂದು ರೂಪಾಯಿಗೆ ಎಷ್ಟು ಪೈ ಎಂದು ಕೇಳಿದಾಗ, ಎಂಬತ್ತು ದಾಟಿದ ನಮ್ಮ ಓಣಿಯ ಅಜ್ಜಿಯೊಬ್ಬರು ಜಪದ ಸರ ಬಿಡದೆಯೇ, "ಹನ್ನೆರಡು ಪೈಗೆ ಆಣೆ, ಹದಿನಾರು ಆಣೆಗೆ ರೂಪಾಯಿ, ನೂರಾ ತೊಂಬತ್ತೆರಡಾತಲ್ಲೋ ತಮ್ಮಾ" ಎಂದುಬಿಟ್ಟರು, ಮೊಬೈಲಿನಲ್ಲಿ ಗುಣಾಕಾರ ಮಾಡುತ್ತಿದ್ದವರು ಮಾಡುತ್ತಲೇ ಇದ್ದರು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆಗಳಾದವು. ನಾಲ್ಕಾಣೆ ಸರಿಯಾಗಿ ಇಪ್ಪತ್ತೈದಾಯಿತು, ಆದರೆ ಒಂದಾಣೆ ಆರೂಕಾಲು ಪೈಸೆಯಾಗಿ ಚಿಲ್ಲರೆ ಲೆಕ್ಕಕ್ಕೆ ತೊಡಕಾಯಿತು. 'ನಯಾ' ಎಂಬ ಮಾತನ್ನು 1964ರಲ್ಲಿ ಕೈಬಿಟ್ಟರು. ಹದಿನಾರಾಣೆ ಸತ್ಯ ಎಂಬ ನುಡಿ, ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಎಂಬ ಗಾದೆ ಇವುಗಳ ಲೆಕ್ಕವನ್ನು ಹುಡುಗರಿಂದಲೇ ಬಿಡಿಸಿದರೆ ಆಣೆಯ ಕೋಷ್ಟಕ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಕೊನೆಗೆ ಒಂದು ಉಪಯೋಗದ ಪ್ರಶ್ನೆ: ಯುಪಿಐ ಮೂಲಕ ನಮಗೆ ದುಡ್ಡು ಬರಬೇಕಾದರೆ ನಾವು ಪಿನ್ ಒತ್ತಬೇಕೆ? ಬೇಕಿಲ್ಲ, ಪಿನ್ ಕೇಳಿದರೆಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಮೋಸವಾದರೆ ಕರೆ ಮಾಡಬೇಕಾದ ಸಂಖ್ಯೆ 1930. ಇದನ್ನು ಪ್ರತಿ ವರ್ಷವೂ ಕೇಳುತ್ತೇನೆ, ಹಳೆಯ ಪ್ರಶ್ನೆ ಎಂದು ಯಾರಾದರೂ ಗೊಣಗಿದರೂ ಕೇಳುತ್ತೇನೆ.

ದಿನಬಳಕೆಯ ಸುತ್ತಿಗೆ ಪ್ರಶ್ನೆಗಳನ್ನು ಕುಳಿತು ಯೋಚಿಸುವುದಕ್ಕಿಂತ ಮನೆಯಲ್ಲಿ ಒಂದು ಸುತ್ತು ಹೊಡೆದು ಹೆಕ್ಕಿಕೊಳ್ಳುವುದು ಸುಲಭ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲ್ಭಾಗದಲ್ಲಿ, ಹಿಡಿಕೆಯ ಬಳೆಗೆ ಆಸರೆಯಾಗಿರುವ ಪಟ್ಟಿಗಳಲ್ಲೊಂದರ ಒಳಮೈಯಲ್ಲಿ ಇಂಗ್ಲಿಷಿನ ಒಂದಕ್ಷರ ಮತ್ತು ಎರಡಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಬಿ-28 ಎಂದಿದ್ದರೆ ಆ ಸಿಲಿಂಡರನ್ನು 2028ರ ಜೂನ್ ಮುಗಿಯುವುದರೊಳಗೆ ಮರುಪರೀಕ್ಷೆಗೆ ಒಳಪಡಿಸಬೇಕು. ಒಳಗಿನ ಗ್ಯಾಸು ಕೆಡುವ ತಾರೀಖು ಅದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಸಿಲಿಂಡರಿನಲ್ಲಿರುವ ಗ್ಯಾಸಿನ ತೂಕ 14.2 ಕಿಲೋ, ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲವಾದ್ದರಿಂದ ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ವಸ್ತುವನ್ನು ಬೆರೆಸುತ್ತಾರೆ. ಪಕ್ಕದ ಒಲೆಯ ಮೇಲಿನ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಕೇಳಿದರೆ ಶಾಲೆಯ ಮಕ್ಕಳು ಒಕ್ಕೊರಲಿನಿಂದ ನೂರು ಎನ್ನುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಸುಮಾರು ಏಳುನೂರು ಮೀಟರ್ ಎತ್ತರದಲ್ಲಿರುವ ಧಾರವಾಡದಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿನೊಳಗೆ ಒತ್ತಡದಿಂದಾಗಿ 120ರ ಹತ್ತಿರ ಹೋಗುತ್ತದೆ, ತೊಗರಿಬೇಳೆ ಬೇಗ ಬೇಯುವುದು ಅದಕ್ಕಾಗಿಯೇ.

ಕರೆಂಟ್ ಬಿಲ್ಲಿನ 'ಯೂನಿಟ್' ಎಂದರೇನು ಎಂಬುದನ್ನೂ ಕೇಳಬಹುದು: ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಆದ್ದರಿಂದ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟಿಗೆ ನೂರು ಗಂಟೆಗೂ ಹೆಚ್ಚು ಉರಿಯುತ್ತದೆ. ಬಾರ್‌ಕೋಡ್ 890ರಿಂದ ಆರಂಭವಾದರೆ ವಸ್ತು ಭಾರತದಲ್ಲೇ ತಯಾರಾಗಿದೆ ಎಂಬ ನಂಬಿಕೆಯನ್ನು ಸರಿ-ತಪ್ಪು ಪ್ರಶ್ನೆಯಾಗಿಸಿದರೆ ಚೆನ್ನಾಗಿರುತ್ತದೆ. ಉತ್ತರ ತಪ್ಪು, ಆ ಸಂಖ್ಯೆ ಹೇಳುವುದು ಕಂಪನಿ ಕೋಡ್ ಪಡೆದದ್ದು ಭಾರತದ ಸಂಸ್ಥೆಯಿಂದ ಎಂಬುದನ್ನಷ್ಟೇ. ಓಣಿಯಲ್ಲಿ ನಿಂತ ಬೈಕುಗಳ ನಂಬರ್ ಪ್ಲೇಟುಗಳಿಂದ ಸಣ್ಣ ಮಕ್ಕಳಿಗೆ ಪ್ರಶ್ನೆ ಮಾಡಬಹುದು: ಕೆಎ 25 ಧಾರವಾಡ, 26 ಗದಗ, 27 ಹಾವೇರಿ, 63 ಹುಬ್ಬಳ್ಳಿ. ಹಾವೇರಿಯ ಬೀಗರು ಬಂದಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳ ಹೆಸರನ್ನು, ಅಂದರೆ ಡಬ್ಬಿ ಮತ್ತು ಕಡ್ಡಿ ಎಂಬುದನ್ನು, ಅವರಿಗೇ ಬಿಟ್ಟುಕೊಡುವುದು ಮರ್ಯಾದೆ.

ಟಿ.ವಿ. ಸುತ್ತಿನ ತೊಡಕು ವಯಸ್ಸಿನದು. ದೂರದರ್ಶನದ ಕಾಲದವರಿಗೆ ಈಗಿನದು ತಿಳಿಯದು, ಮೊಬೈಲಿನಲ್ಲೇ ಎಲ್ಲವನ್ನೂ ನೋಡುವವರಿಗೆ ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದ ಅನುಭವವಿಲ್ಲ. ಹೀಗಾಗಿ ಧಾರಾವಾಹಿಯ ಪಾತ್ರಗಳ ಹೆಸರು ಕೇಳುವುದನ್ನು ನಾನು ಕಡಿಮೆ ಮಾಡಿದ್ದೇನೆ. ಅದು ಒಂದು ಮನೆಯ ರಾತ್ರಿ ಎಂಟರ ಚಾನೆಲ್ಲಿನ ಪರೀಕ್ಷೆಯಾಗಿಬಿಡುತ್ತದೆ. ಅದರ ಬದಲು ಎದುರಿಗೆ ಒಂದು ಟಿ.ವಿ. ಮತ್ತು ಅಳತೆಯ ಟೇಪು ಇಟ್ಟು, 43 ಇಂಚಿನದೆಂದು ಕೊಂಡ ಟಿ.ವಿ.ಯಲ್ಲಿ ಆ 43 ಇಂಚು ಎಲ್ಲಿದೆ ತೋರಿಸಿರಿ ಎನ್ನುತ್ತೇನೆ. ಅಗಲ ಅಳೆದವರಿಗೆ ಸುಮಾರು ಮೂವತ್ತೇಳೂವರೆ, ಎತ್ತರ ಅಳೆದವರಿಗೆ ಇಪ್ಪತ್ತೊಂದು ಸಿಗುತ್ತದೆ, ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದವರು ಮಾತ್ರ ಗೆಲ್ಲುತ್ತಾರೆ. ರಿಮೋಟಿನ ತುದಿಯ ದೀಪ ಏಕೆ ಕಾಣುವುದಿಲ್ಲ ಎಂಬುದಕ್ಕೆ ಅವಕೆಂಪು ಕಿರಣ ಎಂಬ ಉತ್ತರ ಬಂದ ಮೇಲೆ, ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ರಿಮೋಟಿನ ಗುಂಡಿ ಒತ್ತಿ ತೋರಿಸಬೇಕು. ಬಹಳಷ್ಟು ಫೋನುಗಳಲ್ಲಿ ಆ ಬೆಳಕು ನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಹಿಂದಿನ ದಿನವೇ ಒಮ್ಮೆ ಪರೀಕ್ಷಿಸಿಕೊಂಡಿರಿ, ಕೆಲವು ಕ್ಯಾಮೆರಾಗಳು ಅದನ್ನು ಸೋಸಿಬಿಡುತ್ತವೆ.

ಇತಿಹಾಸದ ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಒಂದಿದೆ: ಕರ್ನಾಟಕದಲ್ಲಿ ಮೊದಲು ಟಿ.ವಿ. ನೋಡಿದವರು ಬೆಂಗಳೂರಿನವರೋ ರಾಯಚೂರು ಕಡೆಯ ಹಳ್ಳಿಯವರೋ? ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕ ಪ್ರಸಾರ ಆರಂಭವಾಯಿತು. ಬೆಂಗಳೂರಿನ ಕೇಂದ್ರ ಬಂದದ್ದು 1981ರಲ್ಲಿ. ಆದರೆ 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಪ್ರಸಾರ ಮಾಡಿದಾಗ, ನಮ್ಮ ರಾಜ್ಯದಿಂದ ಆಯ್ಕೆಯಾದವು ಅಂದಿನ ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಈ ಉತ್ತರ ಕೇಳಿದಾಗ ನಮ್ಮ ಮಂದಿಯ ಮುಖ ಅರಳುವುದನ್ನು ನೋಡಬೇಕು. ಇಲ್ಲಿಯೂ 'ಮೊದಲ' ಎಂಬ ಪದ ಬಂದಾಗ ಬೇಲಿ ಹಾಕಬೇಕು: "ಕನ್ನಡದ ಮೊದಲ ಚಾನೆಲ್" ಎಂದರೆ ಗೊಂದಲ, "ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ" ಎಂದರೆ 1994ರ ಉದಯ ಟಿ.ವಿ.

ವಸಂತದ ಸುತ್ತನ್ನು ಕೊನೆಗೆ ಇಡುವುದು ಒಳ್ಳೆಯದು, ಏಕೆಂದರೆ ಅಷ್ಟು ಹೊತ್ತಿಗೆ ಕತ್ತಲಾಗುತ್ತಿರುತ್ತದೆ ಮತ್ತು ಮರದಲ್ಲಿ ಕೋಗಿಲೆ ಕೂಗುತ್ತಿದ್ದರೆ ಪ್ರಶ್ನೆಯನ್ನು ಅದೇ ಕೇಳಿಬಿಡುತ್ತದೆ. ಕೂಗುತ್ತಿರುವುದು ಗಂಡೋ ಹೆಣ್ಣೋ? ಗಂಡು. ಅದು ಕಪ್ಪು, ಹೆಣ್ಣಿನ ಮೈಮೇಲೆ ಚುಕ್ಕೆಗಳಿರುತ್ತವೆ, ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿ ಇಡುತ್ತದೆ. ಚೈತ್ರ ವೈಶಾಖಗಳು ವಸಂತ ಋತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹೋಳಿಹುಣ್ಣಿಮೆ ಯಾವ ಋತುವಿನಲ್ಲಿ ಬರುತ್ತದೆ ಎಂದರೆ ತಡವರಿಸುತ್ತಾರೆ. ಅದು ಫಾಲ್ಗುಣ ಮಾಸದ ಹುಣ್ಣಿಮೆಯಾದ್ದರಿಂದ ನಮ್ಮ ಪಂಚಾಂಗದ ಲೆಕ್ಕದಲ್ಲಿ ಶಿಶಿರಕ್ಕೆ ಸೇರುತ್ತದೆ, ಹುಬ್ಬಳ್ಳಿಯವರು ಬಣ್ಣವಾಡುವ ರಂಗಪಂಚಮಿಯೂ ಹಾಗೆಯೇ. ಎಲೆಯುದುರಿದ ಮರದಲ್ಲಿ ಕೆಂಡದಂತೆ ಹೂಬಿಟ್ಟು, ಹಿಂದೆ ಓಕುಳಿಗೆ ಬಣ್ಣ ಕೊಡುತ್ತಿದ್ದ, ಎಲೆಯಿಂದ ಪತ್ರಾವಳಿ ಹಚ್ಚುವ ಮರ ಯಾವುದೆಂದರೆ ಮುತ್ತಲ. ಅದರ ಬೆನ್ನಿಗೇ ಕೆಂಪಾಗುವ ಗುಲ್‌ಮೊಹರ್ ಮಾತ್ರ ಮಡಗಾಸ್ಕರಿನಿಂದ ಬಂದದ್ದು.

ಯುಗಾದಿ ಪ್ರತಿ ವರ್ಷ ಬೇರೆ ತಾರೀಖಿಗೆ ಬರುವುದೇಕೆ ಎಂಬುದನ್ನು ಒಂದು ಪ್ರಶ್ನೆಯಾಗಿ ಮುಗಿಸದೆ ಎರಡು ನಿಮಿಷ ವಿವರಿಸುವುದು ಯೋಗ್ಯ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನಗಳು, ಸೌರಮಾನಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಕೊರತೆ ತುಂಬಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬರುತ್ತದೆ. ಹೀಗಾಗಿ ಹಬ್ಬ ಒಂದೋ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ ಇಲ್ಲವೇ ಹದಿನೆಂಟು ಹತ್ತೊಂಬತ್ತು ದಿನ ಮುಂದೆ ಜಿಗಿಯುತ್ತದೆ: 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಈ ನಾಲ್ಕು ತಾರೀಖುಗಳನ್ನು ಹಲಗೆಯ ಮೇಲೆ ಬರೆದು, ಅಧಿಕಮಾಸ ಯಾವ ಎರಡರ ನಡುವೆ ಬಂದಿತ್ತೆಂದು ಕೇಳಿದರೆ ಪಂಚಾಂಗ ತಿಳಿಯದ ಹುಡುಗಿಯೂ ಲೆಕ್ಕ ಹಾಕಿ ಹೇಳಬಲ್ಲಳು. ಸರ್ಕಾರದ ರಾಷ್ಟ್ರೀಯ ಪಂಚಾಂಗದಲ್ಲಿ ಈ ಓಡಾಟವಿಲ್ಲ. ಅಲ್ಲಿ ಚೈತ್ರ 1 ಎಂದರೆ ಮಾರ್ಚ್ 22, ಅಧಿಕ ವರ್ಷದಲ್ಲಿ 21. ಅದು ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು, ಎಂದರೆ ನಯಾ ಪೈಸೆ ಬರುವುದಕ್ಕೆ ಹತ್ತೇ ದಿನ ಮೊದಲು. ದುಡ್ಡಿನ ಸುತ್ತಿನಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಂಡ ತಂಡಕ್ಕೆ ಇಲ್ಲಿ ಬೋನಸ್ ಕೊಡಬಹುದು. ಮಳೆಯ ಗಾದೆಗಳನ್ನು ಅರ್ಧ ಹೇಳಿ ಬಿಟ್ಟರೆ ರೈತಾಪಿ ಮನೆತನದವರು ತಕ್ಷಣ ಮುಗಿಸುತ್ತಾರೆ: ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ.

ನಡೆಸುವ ಕ್ರಮ ಸರಳ. ಮನೆಗೊಂದು ತಂಡ ಮಾಡಬಾರದು, ಮಾಡಿದರೆ ಮರುದಿನದವರೆಗೂ ಸೇಡು ಉಳಿಯುತ್ತದೆ. ಚೀಟಿ ಎತ್ತಿ, ಪ್ರತಿ ತಂಡದಲ್ಲಿ ಒಬ್ಬ ಹಿರಿಯರು, ಒಬ್ಬ ಗೃಹಿಣಿ, ಒಬ್ಬ ಕಾಲೇಜಿನವನು, ಒಂದು ಸಣ್ಣ ಮಗು ಇರುವಂತೆ ಐದು ತಂಡ ಮಾಡಿರಿ. ಬಜರಿನ ಬದಲು ತಂಡಕ್ಕೊಂದು ಗಂಗಾಳ ಮತ್ತು ಚಮಚ ಕೊಟ್ಟರೆ ಸಾಕು. ಸ್ಟೀಲಿನದು, ಹಿತ್ತಾಳೆಯದು, ಹಿಂಡಾಲಿಯಮ್ಮಿನದು ಎಂದು ಬೇರೆ ಬೇರೆ ಇಟ್ಟರೆ ಕಣ್ಣು ಮುಚ್ಚಿದ್ದರೂ ಯಾವ ತಂಡವೆಂದು ಸದ್ದಿನಿಂದ ಗೊತ್ತಾಗುತ್ತದೆ. ಪ್ರಶ್ನೆಯನ್ನು ಎರಡು ಸಲ ಓದಿ, ಮೂವತ್ತು ಸೆಕೆಂಡು ಕೊಟ್ಟು, ಸರಿಯುತ್ತರಕ್ಕೆ ಹತ್ತು, ದಾಟಿಬಂದ ಪ್ರಶ್ನೆಗೆ ಐದು ಅಂಕ ಕೊಡಬೇಕು. ತಪ್ಪಿಗೆ ಅಂಕ ಕಳೆಯಬಾರದು, ಕಳೆದರೆ ಅಜ್ಜಿಯಂದಿರು ಬಾಯಿಬಿಡುವುದಿಲ್ಲ. ಒಂದು ಸುತ್ತಿಗೆ ಎಂಟು ಪ್ರಶ್ನೆ, ಕೈಯಲ್ಲಿ ಹನ್ನೆರಡು ಚೀಟಿ. ಆಯ್ಕೆಗಳನ್ನು ಕೊಡುವಾಗ ಸರಿಯುತ್ತರ ಮಾತ್ರ ಉದ್ದವಾಗಿದ್ದರೆ ಚುರುಕು ಹುಡುಗರು ವಿಷಯ ತಿಳಿಯದೆಯೂ ಅದನ್ನೇ ಆರಿಸುತ್ತಾರೆ, ನಾಲ್ಕೂ ಒಂದೇ ಅಳತೆಯವಿರಲಿ.

ತೀರ್ಪಿನ ಬಗ್ಗೆ ಒಂದೇ ನಿಯಮ: ಆಕ್ಷೇಪಣೆಯನ್ನು ಮುಂದಿನ ಪ್ರಶ್ನೆ ಓದುವುದರೊಳಗೆ ಎತ್ತಬೇಕು, ಮತ್ತು ಚೀಟಿಯ ಹಿಂಬದಿಯನ್ನು ಎಲ್ಲರಿಗೂ ಓದಿ ಹೇಳಬೇಕು. ಚೀಟಿಯೇ ತಪ್ಪಾಗಿದ್ದರೆ ಒಪ್ಪಿಕೊಂಡು ಆ ಪ್ರಶ್ನೆಯನ್ನು ರದ್ದುಮಾಡಿ, ತಪ್ಪು ತೋರಿಸಿದವರಿಗೆ ಐದು ಅಂಕ ಕೊಡಿರಿ. ಹುಬ್ಬಳ್ಳಿಯ ಆ ಹುಡುಗನಿಗೆ ಅಂದು ಹಾಗೆಯೇ ಕೊಟ್ಟೆ. ಬಹುಮಾನಕ್ಕೆ ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಕಾರ್ಯಕ್ರಮದಂತೆ ಕನ್ನಡ ಪುಸ್ತಕ ಕೊಡುವುದು ನಮ್ಮ ರೂಢಿ, ಸೋತವರಿಗೆ ಪೇಢೆ.

ಎರಡು ತಂಡ ಸಮವಾದಾಗ ಇನ್ನೊಂದು ಪ್ರಶ್ನೆ ಕೇಳುವ ಬದಲು, ಕಾಲು ಕಿಲೋ ಬ್ಯಾಡಗಿ ಮೆಣಸಿನಕಾಯಿಯನ್ನು ಗಂಗಾಳದಲ್ಲಿ ಸುರಿದು ಇದರಲ್ಲಿ ಎಷ್ಟು ಕಾಯಿಗಳಿವೆ ಎಂದು ಅಂದಾಜು ಬರೆಸುತ್ತೇನೆ. ಹಗುರವಾದ ಕಾಯಿಯಾದ್ದರಿಂದ ಎಲ್ಲರೂ ಬಹಳ ಕಡಿಮೆ ಬರೆಯುತ್ತಾರೆ. ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಬಾರದು. ಒಂದು ವರ್ಷ ಕೊಟ್ಟು, ಅವರು ಅದೇ ಕೈಯಿಂದ ಕಣ್ಣುಜ್ಜಿಕೊಂಡು, ಫಲಿತಾಂಶ ಹೇಳುವುದಕ್ಕೆ ಅರ್ಧ ತಾಸು ತಡವಾಯಿತು.